ಮಕ್ಕಳ ಜೋಡು: ಸಗಟು ಕೊಳ್ಳುವವನ ಕಣ್ಣು

ವಾಣಿಜ್ಯಶಾಸ್ತ್ರದ ತರಗತಿಯಲ್ಲಿ ಸಗಟು ವ್ಯಾಪಾರಿಯ ಕರ್ತವ್ಯಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಕೊಳ್ಳಲು ಬಂದವನು ಸರಕಿನಲ್ಲಿ ಏನನ್ನು ನೋಡುತ್ತಾನೆಂಬುದು ನನಗೆ ತಿಳಿದದ್ದು, ಪಾದರಕ್ಷೆಯ ಅಂಗಡಿಯಿಟ್ಟಿರುವ ನನ್ನ ಸೋದರಮಾವನೊಡನೆ ಕಳೆದ ಏಪ್ರಿಲಿನಲ್ಲಿ ಸಗಟು ಮಳಿಗೆಗೆ ಹೋದಾಗ. ಶಾಲೆ ತೆರೆಯುವ ವೇಳೆಗೆ ಮಕ್ಕಳ ಕಪ್ಪು ಬೂಟ್ಸು ಬೇಕಾಗಿತ್ತು.

ಮಾವ ಮೊದಲು ದರ ಕೇಳಿದರೆಂದು ತಿಳಿಯಬೇಡಿ. ಅವರು ಕೇಳಿದ್ದು ಅಳತೆಯ ಪಟ್ಟಿಯನ್ನು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಇಂಗ್ಲಿಷ್ ಅಳತೆಯಲ್ಲಿ ಒಂದು ಅಂಕಕ್ಕೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರರಲ್ಲೊಂದು ಪಾಲು, ಸುಮಾರು 8.5 ಮಿ.ಮೀ. ಎಣಿಕೆ ನಾಲ್ಕು ಅಂಗುಲದಿಂದ ಮೊದಲಾಗಿ, 13 ಮುಗಿದೊಡನೆ ಮತ್ತೆ 1ಕ್ಕೆ ಬರುತ್ತದೆ. ಆದುದರಿಂದ ಬರಿಯ ‘2’ ಎಂದು ಬರೆದು ಕಳುಹಿಸಿದವನಿಗೆ ತೊಟ್ಟಿಲ ಕೂಸಿನ ಜೋಡು ಬಂದರೂ ಬಂದೀತು, ಐದನೆಯ ತರಗತಿಯ ಹುಡುಗನದು ಬಂದರೂ ಬಂದೀತು. ಯೂರೋಪಿನ ಅಳತೆಯಲ್ಲಾದರೋ ಅಂತರ 6.67 ಮಿ.ಮೀ.; ಅಲ್ಲಿ 30 ಎಂದರೆ ಅಚ್ಚಿನ ಉದ್ದ 20 ಸೆಂ.ಮೀ. ಅದು ಇಂಗ್ಲಿಷಿನ 11ಕ್ಕೂ 12ಕ್ಕೂ ನಡುವೆ ಬೀಳುತ್ತದೆ.

ಪೆಟ್ಟಿಗೆಯಲ್ಲಿ ಎಲ್ಲ ಅಳತೆಗಳೂ ಸಮನಾಗಿ ಬಂದರೆ ಮಧ್ಯದವು ಜೂನಿನಲ್ಲೇ ಮುಗಿದು, ಎರಡು ತುದಿಯವು ಕಪಾಟಿನಲ್ಲಿ ಉಳಿಯುತ್ತವೆ. ಒಮ್ಮೆ ಹಾಗೆ ಉಳಿದವನ್ನು ಮಾವ ಅಸಲಿಗಿಂತ ಕಡಿಮೆಗೆ ಮಾರಿದ್ದನ್ನು ಅತ್ತೆ ಇಂದಿಗೂ ಮರೆತಿಲ್ಲ. ಅಂದಿನಿಂದ ಅವರು ಹಳೆಯ ರಸೀತಿಗಳಿಂದ ಪ್ರತಿ ಅಳತೆಗೂ ಲೆಕ್ಕ ತೆಗೆದು, ಅದೇ ಪ್ರಮಾಣದಲ್ಲಿ ಪೆಟ್ಟಿಗೆ ಕಟ್ಟಿಕೊಡುವವನನ್ನು ಹುಡುಕುತ್ತಾರೆ. ಜುಲೈಯಲ್ಲಿ ಕಡಿಮೆ ಬಿದ್ದ ಅಳತೆಯನ್ನು ಬಿಡಿಯಾಗಿ ಕಳುಹಿಸುವವನಾದರೆ ಜೋಡಿಗೆ ಹತ್ತು ರೂಪಾಯಿ ಹೆಚ್ಚು ಕೊಡಲೂ ಸಿದ್ಧ.

ಬಳಿಕ ಕೈಯ ಪರೀಕ್ಷೆ. ಮಾದರಿಯನ್ನು ಬದಿಗಿಟ್ಟು, ಕಟ್ಟಿದ ಪೆಟ್ಟಿಗೆಯ ತಳದಿಂದಲೇ ಒಂದು ಜೋಡಿ ತೆಗೆಸಿದರು. ಮಾದರಿ ಎಂದೂ ಕೆಟ್ಟದಾಗಿರುವುದಿಲ್ಲವಷ್ಟೆ! ಬೂಟ್ಸನ್ನು ಬಾಗಿಸಿದರು, ಅದು ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಮಡಿಸಿಕೊಂಡರೆ ಬೇಡ. ಹಿಮ್ಮಡಿಯ ಭಾಗವನ್ನು ಅಮುಕಿದರು, ಕುಸಿಯಬಾರದು. ಅಟ್ಟೆಯ ಅಂಚಿಗೆ ಉಗುರು ಹಾಕಿ ಅಂಟನ್ನು ನೋಡಿದರು. ಒಳಗೆ ಬೆರಳಾಡಿಸಿ ಹೊಲಿಗೆಯ ಗಂಟು ಹುಡುಕಿದರು.

ಮಳಿಗೆಯವನು ಚೂಪು ಮೂತಿಯ, ಕನ್ನಡಿಯಂತೆ ಹೊಳೆಯುವ, ಅಗ್ಗದ ಜೋಡೊಂದನ್ನು ತೋರಿಸಿ, “ತಂದೆತಾಯಿಗಳು ಹೊಳಪು ನೋಡುತ್ತಾರೆ ಸ್ವಾಮಿ” ಎಂದ. ಮಾತು ಸುಳ್ಳಲ್ಲ. ಮಾವ ಒಪ್ಪಲಿಲ್ಲ. ಮಗುವಿನ ಪಾದದ ಎಲುಬು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬಿಗಿಯಾದ ಜೋಡಿಗೆ ಅದು ಸದ್ದಿಲ್ಲದೆ ಹೊಂದಿಕೊಂಡುಬಿಡುತ್ತದೆ, ಮಗು ದೂರುವುದೂ ಇಲ್ಲ.

ಊರಿಗೆ ಬಂದ ಮೇಲೆ ಇದೇ ವಿಷಯವಾಗಿ ಮಣಿಪಾಲದ ವೈದ್ಯರಾದ ರಾವ್ ಮತ್ತು ಜೋಸೆಫ್ 1992ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದೆ. 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಅವರು ಪರಿಶೀಲಿಸಿದ್ದರು. ಪಾದರಕ್ಷೆ ಧರಿಸುವವರಲ್ಲಿ ಚಪ್ಪಟೆ ಪಾದ ಶೇಕಡ 8.6, ಬರಿಗಾಲಿನವರಲ್ಲಿ 2.8. ಮುಂಭಾಗ ಮುಚ್ಚಿದ ಜೋಡು ತೊಡುವವರಲ್ಲಿ ಅತಿ ಹೆಚ್ಚು. ಸ್ಯಾಂಡಲ್ಲು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಇದನ್ನು ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಶಾಲೆಯವರು ಮುಚ್ಚಿದ ಬೂಟ್ಸೇ ಬೇಕೆಂದರೆ ನಾನೇನು ಮಾಡಲಿ? ಮೂತಿಯನ್ನಾದರೂ ಅಗಲ ನೋಡಿ ತರುತ್ತೇನೆ” ಎಂದರು.

ಜೂನ್ ಮೊದಲ ವಾರ ಎದುರಂಗಡಿಯಲ್ಲಿ ಅದೇ ಹೊಳೆಯುವ ಬೂಟ್ಸು ತೂಗಾಡುತ್ತಿತ್ತು, ಬೇಗನೆ ಖರ್ಚೂ ಆಯಿತು. ನಮ್ಮವು ನಿಧಾನವಾಗಿ ಹೋದವು. 1 ಮತ್ತು 2 ಮಾತ್ರ ಮುಗಿದುದರಿಂದ ಮತ್ತೆ ತರಿಸಲು ಪಟ್ಟಿ ಬರೆದವನು ನಾನೇ. ಅಂಕದ ಮುಂದೆ ‘ದೊಡ್ಡ ಹುಡುಗರದು’ ಎಂದು ಸೇರಿಸಲು ಮರೆಯಲಿಲ್ಲ.