‘ಬ್ಯಾರನ್ ಊಟ’: ಸೂಕ್ಷ್ಮಜೀವಿಗಳ ಪಾಠದ ಪೀಠಿಕೆಯಲ್ಲಿ ನಾನು ಎಡವಿದ್ದು

ಬೋಧನಾಭ್ಯಾಸಕ್ಕೆ ನನ್ನನ್ನು ಕಂಪಲಾಪುರದ ಪ್ರೌಢಶಾಲೆಯೊಂದಕ್ಕೆ ಹಾಕಿದ್ದು ಆಗಸ್ಟ್‌ನಲ್ಲಿ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರು ಇದು. ಆ ತಿಂಗಳಲ್ಲಿ ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಬರುವಾಗ ಬಸ್ಸಿನ ಕಿಟಕಿಯಲ್ಲೇ ಹೊಗೆಸೊಪ್ಪಿನ ವಾಸನೆ ಬಡಿಯುತ್ತದೆ. ಅದಕ್ಕೂ ನನ್ನ ಪಾಠಕ್ಕೂ ಸಂಬಂಧವಿದೆ ಎಂದು ಮೊದಲ ದಿನ ನನಗೆ ಹೊಳೆದಿರಲಿಲ್ಲ.

ಎಂಟನೇ ತರಗತಿ, ಸೂಕ್ಷ್ಮಜೀವಿಗಳ ಘಟಕ, ಉಪಘಟಕ ‘ಆಹಾರ ಕೆಡುವುದು ಮತ್ತು ಸಂರಕ್ಷಣೆ’. ಪಾಠ ಯೋಜನೆಯಲ್ಲಿ ಪೀಠಿಕೆಗೆ ಮೂರು ಪ್ರಶ್ನೆ ಬರೆದುಕೊಂಡಿದ್ದೆ. ನಿನ್ನೆ ರಾತ್ರಿ ಮನೆಯಲ್ಲಿ ಏನು ಅಡುಗೆ? ಉಳಿದದ್ದನ್ನು ಏನು ಮಾಡುತ್ತೀರಿ? ತಂಗಳು ತಿಂದರೆ ಏನಾಗುತ್ತದೆ? ಮೂರನೆಯದಕ್ಕೆ ‘ಹೊಟ್ಟೆ ನೋವು’ ಎಂಬ ಉತ್ತರ ಬರುತ್ತದೆ, ಅಲ್ಲಿಂದ ಉದ್ದೇಶ ಕಥನಕ್ಕೆ ಜಾರಿಕೊಳ್ಳಬಹುದು ಎಂಬುದು ನನ್ನ ಲೆಕ್ಕ.

ಮೊದಲ ಪ್ರಶ್ನೆಗೆ ಕೋಳಿ ಸಾರು, ಪಲಾವ್, ಪೂರಿ ಎಂದೆಲ್ಲ ಉತ್ತರ ಬಂತು. ಮಂಗಳವಾರದ ರಾತ್ರಿ ಇಡೀ ತರಗತಿಗೆ ಹಬ್ಬದೂಟವೇ ಆಗಿದ್ದಂತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಎಬ್ಬಿಸಿದೆ. ಅವಳು ಎದ್ದು ನಿಂತು ಸುಮ್ಮನಾದಳು. ಪಕ್ಕದ ಸಾಲಿನಿಂದ ಒಬ್ಬ ಕೂಗಿದ: “ಅವ್ರ ಮನೇಲಿ ಬ್ಯಾರನ್ ಊಟ ಮಿಸ್!” ಎಲ್ಲರೂ ನಕ್ಕರು. ನನಗೆ ಅರ್ಥವಾಗಲಿಲ್ಲ, ಆದರೂ ಅವರ ಜೊತೆ ಅರ್ಧ ನಕ್ಕೆ. ಅದನ್ನು ಇಲ್ಲಿ ಬರೆಯದೆ ಬಿಡುವುದು ಸರಿಯಲ್ಲ. ಆಮೇಲೆ ಕಪ್ಪುಹಲಗೆಯ ಮೇಲೆ ‘ತಂಗಳು’ ಎಂದು ಬರೆದು, ತಿನ್ನುವವರು ಕೈ ಎತ್ತಿ ಎಂದೆ. ಒಂದು ಕೈಯೂ ಏಳಲಿಲ್ಲ. ಉಳಿದ ಮೂವತ್ತು ನಿಮಿಷ ನಾನೇ ಪ್ರಶ್ನೆ ಕೇಳಿ ನಾನೇ ಉತ್ತರ ಹೇಳಿ ಪಾಠ ಮುಗಿಸಿದೆ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಆ ಹುಡುಗಿಯ ಪಕ್ಕ ಕೂತು ಬ್ಯಾರನ್ ಊಟ ಅಂದರೆ ಏನಮ್ಮ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು. ಸೊಪ್ಪು ಹದ ಮಾಡುವ ಬ್ಯಾರನ್‌ಗೆ ಒಮ್ಮೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಶಾಖ ಹೆಚ್ಚು ಕಡಿಮೆಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ಅಪ್ಪ ಬ್ಯಾರನ್ ಹತ್ತಿರ, ಅವ್ವ ಕಡ್ಡಿಗೆ ಸೊಪ್ಪು ಕಟ್ಟುವ ಕಡೆ. ಅವ್ವ ಬೆಳಿಗ್ಗೆಯೇ ಮುದ್ದೆ ತೊಳಸಿ, ಸಾರು ಕಾಯಿಸಿಟ್ಟು ಹೋಗುತ್ತಾಳೆ. ಯಾರಿಗೆ ಯಾವಾಗ ಹಸಿವೋ ಅವರೇ ಹಾಕ್ಕೊಂಡು ಉಣ್ಣುವುದು. “ಅದಕ್ಕೆ ನಮ್ಮಪ್ಪ ಇಟ್ಟಿರೋ ಹೆಸ್ರು ಮಿಸ್, ತಮಾಷೆಗೆ,” ಎಂದಳು. ಮನೆಯೊಳಗೆ ತಮಾಷೆಯಾಗಿದ್ದ ಹೆಸರು ತರಗತಿಗೆ ಬಂದಾಗ ಬಡತನದ ಗುರುತಾಗಿಬಿಟ್ಟಿತ್ತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ನನ್ನ ಪೀಠಿಕೆ ಪ್ರಶ್ನೆ.

ಮರುದಿನ ಅದೇ ತರಗತಿಗೆ ಮತ್ತೆ ಒಂದು ಅವಧಿ ಕೇಳಿಕೊಂಡೆ. ಈ ಸಲ ಪ್ರಶ್ನೆ ಕೇಳದೆ ನಮ್ಮ ಮನೆಯ ಕಥೆ ಹೇಳಿದೆ. ನಮ್ಮಲ್ಲಿ ಭಾನುವಾರ ರಾತ್ರಿ ಅಡುಗೆ ಇಲ್ಲ. ಉಳಿದದ್ದನ್ನೆಲ್ಲ ನಡುಮನೆಗೆ ತಂದಿಟ್ಟು, ಬೇಕಾದವರು ಬೇಕಾದ್ದನ್ನು ಹಾಕಿಕೊಂಡು ಪಾತ್ರೆ ಖಾಲಿ ಮಾಡುವುದು. ಅದಕ್ಕೆ ನಮ್ಮಜ್ಜಿ ಇಟ್ಟ ಹೆಸರು ‘ಗುಡಿಸಿ ಗುಂಡಾಂತರ’. ತರಗತಿ ಮೊದಲ ಸಲ ನನ್ನ ಕಡೆ ನೋಡಿ ನಕ್ಕಿತು. ನಿಮ್ಮ ಮನೆಗಳಲ್ಲಿ ಇಂಥ ಊಟಕ್ಕೆ ಏನನ್ನುತ್ತೀರಿ ಎಂದು ಕೇಳಿದ್ದೇ ತಡ, ಬರೆಯಲು ಹಲಗೆ ಸಾಲಲಿಲ್ಲ. ಮುಚ್ಚಳ ಎತ್ತಿ ಎತ್ತಿ ನೋಡಿ ತಿನ್ನುವುದರಿಂದ ‘ಬೆಕ್ಕಿನೂಟ’. ‘ನೀನೇ ಹಾಕ್ಕೊ’. ‘ಎತ್ತು ನೋಡು’. ಅವ್ವ ತವರಿಗೆ ಹೋದಾಗ ಅಪ್ಪ ಮಾಡುವ ಅನ್ನ, ಉಪ್ಪಿನಕಾಯಿಗೆ ‘ರಜಾ ಊಟ’. ಹಿಂದಿನ ದಿನ ಪೂರಿ ಎಂದಿದ್ದವನೇ ‘ಬೆಕ್ಕಿನೂಟ’ ಹೇಳಿದ್ದು. ಉಪ್ಪಿಟ್ಟಿಗೆ ‘ಕಾಂಕ್ರೀಟ್’, ಫ್ರಿಡ್ಜಿಗೆ ‘ತಂಗಳು ಪೆಟ್ಟಿಗೆ’ ಎನ್ನುವುದು ನಾಡಿಗೆಲ್ಲ ಗೊತ್ತು. ಈ ಹೆಸರುಗಳು ಮಾತ್ರ ಆಯಾ ಮನೆಯ ಹೊಸಿಲು ದಾಟಿರಲಿಲ್ಲ.

ಪಾಠಕ್ಕೆ ದಾರಿ ತೆರೆದವಳು ಹಿಂದಿನ ಬೆಂಚಿನ ಹುಡುಗಿಯೇ. ಹಲಗೆಯ ಮೇಲೆ ‘ತಂಗಳು = ಕೆಟ್ಟ ಆಹಾರ’ ಎಂದು ನಾನು ಬರೆಯುತ್ತಿದ್ದಾಗ ಅವಳು ಎದ್ದು ನಿಂತು, “ತಂಗಳು ಬೇರೆ, ಹಳಸಿದ್ದು ಬೇರೆ ಮಿಸ್,” ಎಂದಳು. ರಾತ್ರಿಯ ಮುದ್ದೆಯನ್ನು ನೀರಿನಲ್ಲಿಟ್ಟು ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ, ಉಪ್ಪು ಹಾಕಿ ಕಿವುಚಿ ಕುಡಿದರೆ ಅದು ತಂಗಳು. ಸಾರು ನೊರೆ ಬಂದು ವಾಸನೆ ತಿರುಗಿದರೆ ಅದು ಹಳಸಿದ್ದು. ಬರೆದದ್ದನ್ನು ಅಳಿಸಿದೆ. ಮಿತ್ರ ಸೂಕ್ಷ್ಮಜೀವಿ, ಶತ್ರು ಸೂಕ್ಷ್ಮಜೀವಿ ಎಂದು ಪಠ್ಯ ಮಾಡುವ ವಿಂಗಡಣೆಗೆ ಹತ್ತಿರದ್ದೊಂದು ಅವರ ಅಡುಗೆಮನೆಯಲ್ಲಿ ಆಗಲೇ ಇತ್ತು. ಮಜ್ಜಿಗೆಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಆ ಹುಳಿಯಲ್ಲಿ ಆಹಾರ ಕೆಡಿಸುವ ಬಹಳಷ್ಟು ಜೀವಿಗಳು ಬೆಳೆಯಲಾರವು. ಮುಂದಿನ ಅವಧಿಗೆ ಅವಳೇ ಬಾಟಲಿಯಲ್ಲಿ ಮುದ್ದೆ ಮಜ್ಜಿಗೆ ತಂದಳು. ನೀಲಿ ಲಿಟ್ಮಸ್ ಕಾಗದ ಅದ್ದಿದಾಗ ಕೆಂಪಾಯಿತು. ಅದ್ದಿದವನು ಮೊದಲ ದಿನ ಕೂಗಿದ್ದ ಹುಡುಗ.

ನನ್ನ ಇನ್ನೊಂದು ತಪ್ಪನ್ನೂ ದಾಖಲಿಸಬೇಕು. “ಅವ್ವ ಮಲಗೋ ಮುಂಚೆ ಸಾರು ಕುದಿಸಿಡ್ತಾಳೆ, ಸರೀನಾ ಮಿಸ್?” ಎಂದು ಒಬ್ಬಳು ಕೇಳಿದಳು. ಸರಿ, ಕುದಿಸಿದರೆ ಎಲ್ಲ ಸಾಯುತ್ತವೆ ಎಂದುಬಿಟ್ಟೆ. ರಾತ್ರಿ ನನ್ನ ಬಿ.ಎಸ್ಸಿ. ಪುಸ್ತಕ ತೆಗೆದು ನೋಡಿದಾಗ ಉತ್ತರ ಅರ್ಧ ಮಾತ್ರ ಸರಿ ಎಂದು ಗೊತ್ತಾಯಿತು. ಅನ್ನದಲ್ಲಿ ಸಿಗುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಡುಗೆಯ ಶಾಖಕ್ಕೂ ಉಳಿಯಬಲ್ಲವು. ಅನ್ನ ಬಹಳ ಹೊತ್ತು ಬೆಚ್ಚಗೆ ಉಳಿದರೆ ಅವು ಮೊಳೆತು ಬೆಳೆಯುತ್ತವೆ. ವಾಂತಿ ತರಿಸುವ ಅದರ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಬ್ಯಾರನ್ ದಿನಗಳಲ್ಲಿ ಬೆಳಿಗ್ಗೆಯ ಅನ್ನ ರಾತ್ರಿಯವರೆಗೆ ಒಲೆಯ ಪಕ್ಕವೇ ಇರುವ ಮನೆಗಳ ಮಕ್ಕಳಿಗೆ ಇದು ಪರೀಕ್ಷೆಯ ಪ್ರಶ್ನೆಗಿಂತ ದೊಡ್ಡ ವಿಷಯ. ಮರುದಿನ ತಪ್ಪು ಒಪ್ಪಿಕೊಂಡು ತಿದ್ದಿದೆ: ಅನ್ನವನ್ನು ಒಲೆಯ ಪಕ್ಕ ಇಡಬೇಡಿ, ಅಗಲವಾದ ತಟ್ಟೆಗೆ ಹರಡಿ ಬೇಗ ಆರಿಸಿ, ಫ್ರಿಡ್ಜ್ ಇದ್ದರೆ ಅದರಲ್ಲಿಡಿ, ಇಲ್ಲದಿದ್ದರೆ ಆ ಹೊತ್ತಿಗಾಗುವಷ್ಟೇ ಬೇಯಿಸಲು ಮನೆಯಲ್ಲಿ ಹೇಳಿ.

ವೀಕ್ಷಣಾ ಹಾಳೆಯಲ್ಲಿ ನಮ್ಮ ಮಾರ್ಗದರ್ಶಕರು ‘ಪೀಠಿಕೆಗೆ 11 ನಿಮಿಷ, ಅತಿಯಾಯಿತು’ ಎಂದು ಬರೆದಿದ್ದಾರೆ. ಮಾತು ನಿಜ, ಪಾಶ್ಚರೀಕರಣ ಆ ದಿನ ಉಳಿದುಹೋಯಿತು. ಪಕ್ಕದ ವಿಭಾಗಕ್ಕೆ ಇದೇ ಪಾಠ ಮಾಡಿದಾಗ ಪೀಠಿಕೆಯನ್ನು ಐದು ನಿಮಿಷಕ್ಕೆ ಇಳಿಸಿದೆ. ‘ನಿನ್ನೆ ಏನು ಅಡುಗೆ’ ಪ್ರಶ್ನೆಯನ್ನು ಕೈಬಿಟ್ಟು, ‘ಗುಡಿಸಿ ಗುಂಡಾಂತರ’ವನ್ನು ಉಳಿಸಿಕೊಂಡಿದ್ದೇನೆ.