ಕುಳ್ಳರ ಬೈಕಿನ ಲೆಕ್ಕ

ಶೋರೂಮಿನವರು ಗಿರಾಕಿಯನ್ನು ಕೂರಿಸುವುದು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಮೇಲೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬ ಹುಡುಗ ಇರುತ್ತಾನೆ. ನೆಲ ಸಮತಟ್ಟು, ಹಿಂದೆ ಹಾರ್ನ್ ಹೊಡೆಯುವ ಆಟೊ ಇಲ್ಲ. 5 ಅಡಿ 1 ಇಂಚಿನ ನನ್ನಂಥವಳಿಗೂ ಅಲ್ಲಿ 350 ಸಿಸಿ ಬೈಕು ಹೇಳಿದ ಮಾತು ಕೇಳುವ ಹಾಗೆ ಕಾಣುತ್ತದೆ. 'ನೋಡಿ ಮೇಡಂ, ಕಾಲು ಆರಾಮಾಗಿ ನೆಲಕ್ಕೆ ಸಿಗ್ತಿದೆ' ಎಂದು ಹುಡುಗ ಹೇಳುತ್ತಾನೆ. ಅವನ ಮುಂದಿನ ಮಾತು ಇಎಂಐನದು.

'ಸ್ಟ್ಯಾಂಡ್ ತೆಗೆಯಪ್ಪ, ಹೊರಗೆ ನಿಲ್ಲಿಸು' ಎಂದೆ. ಶೋರೂಮಿನ ಮುಂದೆ ರಸ್ತೆಗೆ ಇಳಿಯುವ ಸಣ್ಣ ಇಳಿಜಾರು. ಮುಂದಿನ ಚಕ್ರ ಕೆಳಕ್ಕೆ ಮುಖ ಮಾಡಿರುವಾಗ, ಕೂತಲ್ಲಿಂದಲೇ ಕಾಲಲ್ಲಿ ನೆಲ ಒದ್ದು ಬೈಕನ್ನು ಹಿಂದಕ್ಕೆ ತಳ್ಳಬೇಕು. ಬೈಕು ಜಪ್ಪಯ್ಯ ಅನ್ನಲಿಲ್ಲ. ಕಾಲ್ಬೆರಳ ತುದಿ ನೆಲಕ್ಕೆ ಸೋಕುವುದು ಬೇರೆ, ಆ ತುದಿಯಿಂದಲೇ ಭಾರ ದೂಡುವುದು ಬೇರೆ. ಮೈಸೂರಿನ ಯಾವ ಮಾರುಕಟ್ಟೆಯಲ್ಲಾದರೂ ಬೈಕು ನಿಲ್ಲಿಸಿದವರಿಗೆ ಈ ಕೆಲಸ ತಪ್ಪಿದ್ದಲ್ಲ.

ಎತ್ತರ ಕಡಿಮೆ ಇರುವವರು ಬೈಕು ಹುಡುಕುವಾಗ ಮೊದಲು ನೋಡುವುದು ಸೀಟಿನ ಎತ್ತರ. ಆ ಒಂದು ಅಂಕಿಯನ್ನು ನಂಬಿ ಲಕ್ಷಗಟ್ಟಲೆ ಹಾಕುವುದು ನನಗೆ ಸರಿಕಾಣುವುದಿಲ್ಲ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೀಟು 765 ಮಿಲಿಮೀಟರ್ ಎತ್ತರದಲ್ಲಿದೆ. ಹೀರೊ ಸ್ಪ್ಲೆಂಡರ್ ಪ್ಲಸ್‌ನದು 785. ಕಾಗದದ ಮೇಲೆ ಮೀಟಿಯರ್ ಗೆದ್ದಿತು. ಆದರೆ ಮೀಟಿಯರ್ ತೂಕ 191 ಕೆಜಿ, ಸ್ಪ್ಲೆಂಡರಿನದು 112. ಸೀಟು 2 ಸೆಂಟಿಮೀಟರ್ ಕೆಳಗೆ ಬಂತೆಂದು ಖುಷಿಪಟ್ಟವರು, 25 ಕೆಜಿಯ ಮೂರು ಅಕ್ಕಿ ಮೂಟೆಗಳನ್ನು ಹೆಚ್ಚಿಗೆ ಹೊತ್ತುಕೊಂಡ ಹಾಗಾಯಿತು. ಬಜಾಜ್ ಅವೆಂಜರ್ 220ರ ಸೀಟು ಇನ್ನೂ ಕೆಳಗೆ, 737. ಕೂತರೆ ಪಾದ ಪೂರ್ತಿ ನೆಲಕ್ಕೆ ಊರುತ್ತದೆ, ನಿಜ. ಆದರೆ ಗಾಡಿ ಉದ್ದ, ಇಕ್ಕಟ್ಟಿನ ಬೀದಿಯಲ್ಲಿ ಯು-ಟರ್ನ್ ಹೊಡೆಯಲು ಹೊಸಬರು ಒದ್ದಾಡುತ್ತಾರೆ.

ಸೀಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ಟ್ಯಾಂಕಿನ ಬುಡದಲ್ಲಿ ಸೀಟು ಅಗಲವಾಗಿದ್ದರೆ ತೊಡೆ ಹೊರಕ್ಕೆ ಚಾಚಿಕೊಂಡು ಕಾಲು ಗಿಡ್ಡವಾಗುತ್ತದೆ. ಸಪೂರ ಸೀಟಿನ 785, ಅಗಲ ಸೀಟಿನ 765ಕ್ಕಿಂತ ಹತ್ತಿರ ಅನಿಸಿದರೆ ಆಶ್ಚರ್ಯವಿಲ್ಲ. ಹಾಗೆ ನೋಡಿದರೆ ಸಿಗ್ನಲ್ಲಿನಲ್ಲಿ ಎರಡೂ ಕಾಲು ಊರಬೇಕಾಗಿಯೇ ಇಲ್ಲ. ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕಿನ ಮೇಲೆ; ಚೆನ್ನಾಗಿ ಕಲಿತವರೆಲ್ಲ ನಿಲ್ಲುವುದು ಹೀಗೆಯೇ.

'ಸ್ಕೂಟಿ ಇರುವಾಗ ಹೆಂಗಸರಿಗೆ ಬೈಕ್ಯಾಕೆ?' ಎಂದು ಕೇಳಿದವರು ನಮ್ಮ ಮನೆಯಲ್ಲೇ ಇದ್ದರು. ನನ್ನ ತವರು ಎಚ್.ಡಿ. ಕೋಟೆ ಕಡೆ. ಮಳೆಗಾಲ ಮುಗಿದ ಮೇಲಿನ ಒಳರಸ್ತೆಗಳಲ್ಲಿ ಸ್ಕೂಟರಿನ 10–12 ಇಂಚಿನ ಚಕ್ರ ಗುಂಡಿಯೊಳಗೆ ಇಳಿದರೆ ಬೆನ್ನುಮೂಳೆಗೆ ಗೊತ್ತಾಗುತ್ತದೆ. ಸ್ಪ್ಲೆಂಡರಿನದು 18 ಇಂಚಿನ ಚಕ್ರ. ನನಗೆ ಅಷ್ಟು ಕಾರಣ ಸಾಕಿತ್ತು. 'ಮೈಸೂರಿನವರು ಜಾವಾ ಬಿಟ್ಟು ಬೇರೆ ತಗೋತಾರಾ?' ಎಂದವರಿಗೆ ಮಾತ್ರ ಉತ್ತರ ಕೊಡುವುದು ಕಷ್ಟವಾಯಿತು. 1961ರಿಂದ 1996ರವರೆಗೆ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆದ ಊರು ಇದು. ಅಭಿಮಾನ ಒಪ್ಪಿದೆ, ಕಿಸೆ ಒಪ್ಪಲಿಲ್ಲ.

ಈಗ ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಶೇ 40. ಬೆಲೆ ಇಳಿಯಿತೆಂದು ದೊಡ್ಡದರ ಕಡೆ ಕಣ್ಣು ಹಾಯಿಸುವವರು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಮರೆಯುತ್ತಾರೆ. 1 ಲಕ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಶೇ 18, ಐವತ್ತು ಸಾವಿರದಿಂದ ಒಂದು ಲಕ್ಷದವರೆಗಿನದಕ್ಕೆ ಶೇ 12. ಅಂದರೆ 2 ಲಕ್ಷದ ಬೈಕಿಗೆ 36,000 ರೂಪಾಯಿ, 75,000ದ ಬೈಕಿಗೆ 9,000. ಸೆಸ್ ಬೇರೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿವರೆಗೆ 3,851 ರೂಪಾಯಿ, 150ರಿಂದ 350 ಸಿಸಿವರೆಗೆ 7,365. ಹೀಗೆ ಕಟ್ಟಿದ ತೆರಿಗೆ, ಬೈಕು ಕಳೆದುಹೋದಾಗ ವಿಮೆಯವರು ಹಿಡಿಯುವ ಬೆಲೆಯಲ್ಲಿ ಬರುವುದಿಲ್ಲ. ಎರಡನೇ ಕೈಗೆ ಮಾರುವಾಗಲೂ ಅದನ್ನು ಲೆಕ್ಕ ಹಾಕಿ ಕೊಡುವವರಿಲ್ಲ. ಮೊದಲ ಮಾಲೀಕ ಕಟ್ಟಿದ ತೆರಿಗೆಯ ಲಾಭ ಎರಡನೆಯವನಿಗೆ.

ಆ ಎರಡನೆಯವಳು ನಾನಾದೆ. ಮೂರು ವರ್ಷ ಹಳೆಯ ಸ್ಪ್ಲೆಂಡರನ್ನು 48 ಸಾವಿರಕ್ಕೆ ಕೊಂಡೆ, ಸಾಲವಿಲ್ಲದೆ. ಕೊಳ್ಳುವ ಮುಂಚೆ ಪರಿವಾಹನ್ ಜಾಲತಾಣದಲ್ಲಿ ಆರ್‌ಸಿ ನೋಡಿ, ಹಳೆಯ ಸಾಲದ ಹೈಪಾಥಿಕೇಶನ್ ತೆಗೆದಿದೆಯೇ, ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದು ಖಾತ್ರಿ ಮಾಡಿಕೊಂಡೆ. ಚಾಸಿಸ್ ನಂಬರನ್ನು ಬಟ್ಟೆಯಲ್ಲಿ ಒರೆಸಿ ಓದಿ ಹೋಲಿಸಿದವನು ನಮ್ಮ ಬೀದಿಯ ಮೆಕ್ಯಾನಿಕ್. 'ಅಕ್ಕ, ಮೊದ್ಲು ಇದ್ರಲ್ಲಿ ಬಿದ್ದು ಎದ್ದು ಮಾಡಿ. ಇದು ಬಿದ್ರೆ ನೂರಿನ್ನೂರರಲ್ಲಿ ಮುಗಿಯುತ್ತೆ, ದೊಡ್ಡದು ಬಿದ್ರೆ ಸಾವಿರದ ನೋಟೇ ಎಣಿಸ್ಬೇಕು' ಎಂದ. ಸಾವಿರದ ನೋಟು ಹೋಗಿ ಎಷ್ಟೋ ವರ್ಷವಾಯಿತು, ಅವನ ಲೆಕ್ಕ ಮಾತ್ರ ಸರಿಯೇ.

ಹೊಸಬರ ಬೈಕು ಬೀಳುವುದು ಓಡುವಾಗ ಕಡಿಮೆ, ನಿಂತಾಗ ಹೆಚ್ಚು: ಪಾರ್ಕಿಂಗಿನಲ್ಲಿ, ತಿರುವಿನಲ್ಲಿ, ಮರಳು ಚೆಲ್ಲಿದ ಅಂಚಿನಲ್ಲಿ. ಹೋಗುವುದು ಕ್ಲಚ್ ಲಿವರ್, ಇಂಡಿಕೇಟರ್, ಕನ್ನಡಿ. ಇಂಥದಕ್ಕೆಲ್ಲ ವಿಮೆ ಕ್ಲೇಮ್ ಮಾಡಲು ಹೋದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷ ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುವ ರಿಯಾಯಿತಿ ಅದು. ಕಡಿಮೆ ತೂಕದ ಬೈಕನ್ನು ಎತ್ತಿ ನಿಲ್ಲಿಸಲು ದಾರಿಹೋಕರ ಸಹಾಯವೂ ಬೇಡ.

ಅಂದಹಾಗೆ, ಸ್ಕೂಟರಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಗೇರ್ ಬೈಕು ಓಡಿಸುವ ಹಾಗಿಲ್ಲ. ಎಲ್‌ಎಲ್ ತೆಗೆದುಕೊಂಡು, 30 ದಿನ ಕಳೆದ ಮೇಲೆ ಟೆಸ್ಟ್ ಕೊಟ್ಟು ಸೇರಿಸಿಕೊಳ್ಳಬೇಕು. ಗೇರ್ ಬೈಕಿನ ವರ್ಗ ಕಾರ್ಡಿನಲ್ಲಿ ಇಲ್ಲದಿದ್ದರೆ ಅಪಘಾತದ ದಿನ ವಿಮೆಯವರಿಗೆ ಅಷ್ಟೇ ನೆಪ ಸಾಕು.

ಸಾಲದ ಮಾತನ್ನೂ ಹೇಳಿಬಿಡುತ್ತೇನೆ. ಶೋರೂಮಿನ ಮೇಜಿನ ಮೇಲೆ 'ಬರೀ ಶೇ 10' ಎಂದರೆ ಬಹುಪಾಲು ಅದು ಫ್ಲಾಟ್ ದರ. 1 ಲಕ್ಷಕ್ಕೆ ಮೂರು ವರ್ಷಕ್ಕೆ 30 ಸಾವಿರ ಬಡ್ಡಿ, ಕಂತು ತಿಂಗಳಿಗೆ ಸುಮಾರು 3,610 ರೂಪಾಯಿ. ಬ್ಯಾಂಕಿನ ರೀತಿ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿ ನೋಡಿದರೆ ಇದೇ ಸಾಲ ಹೆಚ್ಚುಕಡಿಮೆ ಶೇ 18ಕ್ಕೆ ಬಂದು ನಿಲ್ಲುತ್ತದೆ. ಆ ಕಂತಿನಷ್ಟೇ ಹಣವನ್ನು ನಾನು ಪ್ರತಿ ತಿಂಗಳು ಆರ್‌ಡಿಗೆ ಕಟ್ಟುತ್ತಿದ್ದೇನೆ. ಮೂರು ವರ್ಷಕ್ಕೆ ಅಸಲೇ 1,30,000 ಹತ್ತಿರ ಬರುತ್ತದೆ, ಬಡ್ಡಿ ಬ್ಯಾಂಕೇ ನನಗೆ ಕೊಡುತ್ತದೆ. ಅಷ್ಟರಲ್ಲಿ ಕೈಕಾಲಿಗೂ ಅಭ್ಯಾಸವಾಗಿರುತ್ತದೆ. ಆಗ 350 ಸಿಸಿ ಬೇಕೆನಿಸಿದರೆ ಕೊಳ್ಳುತ್ತೇನೆ, ಇಲ್ಲವಾದರೆ ಹಣ ಎಲ್ಲಿಗೂ ಹೋಗುವುದಿಲ್ಲ.

ಸೀಟು ತಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಕುಶನ್ ಅಂಗಡಿಯವನಿಗೆ ಸೀಟಿನ ಮುಂಭಾಗದ ಎರಡೂ ಅಂಚಿನ ಫೋಮ್ ಮಾತ್ರ ಕೆತ್ತಲು ಹೇಳಿದೆ. ಅವನು ಬಿಸಿಲಿಗೆ ಮಾಸಿದ ಕವರನ್ನು ಸುಲಿದು, ಉದ್ದನೆಯ ಚಾಕುವಿನಲ್ಲಿ ಫೋಮನ್ನು ಚೂರುಚೂರೇ ಸವರಿ, ನಡುನಡುವೆ ನನ್ನನ್ನು ಕೂರಿಸಿ, ಕಾಲು ಎಲ್ಲಿಗೆ ಬರುತ್ತದೆಂದು ಬಗ್ಗಿ ನೋಡಿದ. ಮಧ್ಯದ ಫೋಮ್ ಮುಟ್ಟದೇ ಇದ್ದುದರಿಂದ ದೂರದ ಪ್ರಯಾಣದಲ್ಲೂ ನೋವಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರನ್ನು ಮೆಕ್ಯಾನಿಕ್ ತೀರಾ ಮೆತ್ತನೆಯ ಮೆಟ್ಟಿಲಿಗೆ ತಿರುಗಿಸಿಕೊಟ್ಟ, ಅದಕ್ಕೆ ಕಾಸೂ ಕೇಳಲಿಲ್ಲ. ದಪ್ಪ ಅಟ್ಟೆಯ ಶೂ ಇನ್ನುಳಿದದ್ದನ್ನು ತುಂಬಿತು. ಆದರೆ ಗಿಡ್ಡ ಶಾಕ್ ಹಾಕಿಸಿ ಇಡೀ ಗಾಡಿಯನ್ನೇ ತಗ್ಗಿಸುವ ಕೆಲಸಕ್ಕೆ ನಾನು ಬೇಡವೆನ್ನುತ್ತೇನೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕು ನೆಟ್ಟಗೆ ನಿಂತು ಆ ಕಡೆಗೆ ಬೀಳುತ್ತದೆ, ಹಂಪ್ಸ್ ಬಂದರೆ ಅಡಿ ಉಜ್ಜುತ್ತದೆ, ವಿಮೆಯವರಿಗೆ ತಿಳಿಸದೆ ಮಾಡಿದ ಮಾರ್ಪಾಡು ಕ್ಲೇಮಿನ ದಿನ ತಕರಾರಿಗೆ ದಾರಿ.

ಹೊಸದನ್ನೇ ಕೊಳ್ಳುತ್ತೀರಾದರೆ ಬುಕಿಂಗ್ ಹಣ ಕೊಡುವ ಮುಂಚೆ ಕೊಟೇಶನ್ ಕಾಗದ ಕೈಗೆ ತೆಗೆದುಕೊಂಡು ಸಾಲುಸಾಲಾಗಿ ಓದಿ. 'ಹ್ಯಾಂಡ್ಲಿಂಗ್ ಚಾರ್ಜ್' ಎಂದು ಕಂಡರೆ ಯಾವುದಕ್ಕೆಂದು ಕೇಳಿ, ಉತ್ತರ ಬಾರದಿದ್ದರೆ ಹೊಡೆದುಹಾಕಿಸಿ. ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಬೈಕಿನ ಜೊತೆ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, ಅದನ್ನು ಕೇಳಿ ಪಡೆಯಿರಿ.