ಹಾರ್ಮೋನ್ ಮಾತ್ರೆ ಮತ್ತು ಬಿಡದ ತಲೆನೋವು: ಕ್ಷೇತ್ರ ಸಿಬ್ಬಂದಿಗೆ ಅಧ್ಯಯನ ಪಾಠ

ಗರ್ಭನಿರೋಧಕ್ಕಾಗಿ, ಅಧಿಕ ರಕ್ತಸ್ರಾವದ ನಿಯಂತ್ರಣಕ್ಕಾಗಿ ಹಾರ್ಮೋನ್ ಮಾತ್ರೆ ಸೇವಿಸುವ ಬಹುಪಾಲು ಮಹಿಳೆಯರಿಗೆ ಗಂಭೀರ ತೊಂದರೆ ಉಂಟಾಗುವುದಿಲ್ಲ. ಆದರೆ ಅತಿ ವಿರಳವಾಗಿ, ಮಿದುಳಿನಿಂದ ರಕ್ತವನ್ನು ಹೊರಕ್ಕೆ ಒಯ್ಯುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಈಸ್ಟ್ರೋಜೆನ್ ಅಂಶವು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸಿ, ಅದನ್ನು ತಡೆಯುವವುಗಳನ್ನು ತಗ್ಗಿಸುವುದೇ ಇದಕ್ಕೆ ಕಾರಣ.

ಸಾಮಾನ್ಯ ಪಾರ್ಶ್ವವಾಯು ಒಮ್ಮೆಲೇ ಎರಗುತ್ತದೆ. ಇದು ಹಲವು ದಿನಗಳಲ್ಲಿ ಬಲಿಯುತ್ತದೆ. ಮೊದಲು ದಿನೇದಿನೇ ಏರುವ, ಮಲಗಿದಾಗ ಹಾಗೂ ಕೆಮ್ಮಿದಾಗ ಹೆಚ್ಚಾಗುವ ತಲೆನೋವು. ಬಳಿಕ ವಾಂತಿ, ದೃಷ್ಟಿ ಮಂಜಾಗುವಿಕೆ, ಮೂರ್ಛೆ, ಕೈಕಾಲುಗಳ ಬಲಹೀನತೆ. ಪಿತ್ತವೆಂದೋ ಬಿಸಿಲೆಂದೋ ಮನೆಯವರು ಕಾಲ ಕಳೆಯುವುದು ಈ ಮೊದಲ ದಿನಗಳಲ್ಲಿಯೇ.

ಮಾಹಿತಿ ಕೇಳುವ ಬಗೆ ಇಲ್ಲಿ ಮುಖ್ಯ. "ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?" ಎಂದರೆ "ಇಲ್ಲ" ಎಂಬ ಉತ್ತರವೇ ಬರಬಹುದು, ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ಔಷಧಿ ಅಂಗಡಿಯಿಂದ ತಂದ ಮಾತ್ರೆಯನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ. ಆ ಮಾತ್ರೆ ಸಾಮಾನ್ಯವಾಗಿ ನೊರೆಥಿಸ್ಟೆರೋನ್, 5 ಮಿ.ಗ್ರಾಂ.ನಂತೆ ದಿನಕ್ಕೆ 3 ಬಾರಿ ಸೇವಿಸಿದಾಗ ಅದರ ಅಲ್ಪಭಾಗ ದೇಹದಲ್ಲಿ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ಆದುದರಿಂದ ಮುಟ್ಟು ಮುಂದೂಡುವ ಮಾತ್ರೆಯನ್ನು ಹೆಸರಿಸಿಯೇ, ಇತರರಿಲ್ಲದಾಗ, ಕೇಳತಕ್ಕದ್ದು.

ಮಾಲಾ-ಎನ್ ಮಾತ್ರೆಯಲ್ಲಿ 0.03 ಮಿ.ಗ್ರಾಂ. ಈಸ್ಟ್ರೋಜೆನ್ ಇದೆ. ತಲೆನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಬೆಳಕು ಕಾಣುವ ಮೈಗ್ರೇನ್ ಉಳ್ಳವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, ಅಧಿಕ ರಕ್ತದೊತ್ತಡವುಳ್ಳವರಿಗೆ, ಹಾಲುಣಿಸುವ ತಾಯಂದಿರಿಗೆ ಹೆರಿಗೆಯಾದ ಮೊದಲ 6 ತಿಂಗಳು ಇದನ್ನು ನೀಡುವಂತಿಲ್ಲ. ಇಂಥವರೊಡನೆ ಹಾರ್ಮೋನ್ ಇಲ್ಲದ ಕಾಪರ್-ಟಿ ಕುರಿತು ಮಾತನಾಡಬಹುದು. ಉಳಿದವರನ್ನು ಹೆದರಿಸಿ ಮಾತ್ರೆ ಬಿಡಿಸುವುದು ತರವಲ್ಲ. ಗರ್ಭಾವಸ್ಥೆ ಮತ್ತು ಬಾಣಂತನಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯಿಂದಾಗುವುದಕ್ಕಿಂತ ಹೆಚ್ಚು.

ಮೇಲಿನ ಲಕ್ಷಣಗಳು ಕಂಡಲ್ಲಿ ಮಾತ್ರೆ ನಿಲ್ಲಿಸಿ, ಅಂದೇ ವೈದ್ಯಾಧಿಕಾರಿಗಳಿಗೆ ತೋರಿಸತಕ್ಕದ್ದು. ಮೂರ್ಛೆ ಅಥವಾ ಬಲಹೀನತೆಯಿದ್ದರೆ 108 ಆಂಬ್ಯುಲೆನ್ಸ್ ಕರೆಯತಕ್ಕದ್ದು. ಸಾದಾ ಸಿ.ಟಿ. ಸ್ಕ್ಯಾನ್ ಸಹಜವಾಗಿಯೇ ಕಾಣಬಹುದು. ಅಭಿಧಮನಿಗಳನ್ನು ತೋರಿಸುವ ಪ್ರತ್ಯೇಕ ಸ್ಕ್ಯಾನ್ ಬೇಕಾಗುತ್ತದೆ. ಅದನ್ನು ಮಾಡಿಸಬೇಕೆಂಬ ಯೋಚನೆ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಬೇಗ ಬರುವಂತೆ, ರೆಫರಲ್ ಚೀಟಿಯಲ್ಲಿ ಮಾತ್ರೆಯ ಹೆಸರು, ಆರಂಭಿಸಿದ ದಿನಾಂಕ ಮತ್ತು ತಲೆನೋವು ಶುರುವಾದ ದಿನವನ್ನು ಬರೆಯುವುದು. ಸಕಾಲದಲ್ಲಿ ಹೆಪಾರಿನ್ ಚಿಕಿತ್ಸೆ ದೊರೆತವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.